ಗಾಳಿ ಮಷಿನ್ ನಡುನಡುವೆ ನಿಲ್ಲುವುದು ಯಾಕೆ?

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸುವಾಗ ಬರುವ ಸದ್ದನ್ನು ನೀವೂ ಕೇಳಿರುತ್ತೀರಿ. ಹುಡುಗ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ವಾಲ್ವಿನ ಕ್ಯಾಪ್ ತಿರುಗಿಸಿ ತೆಗೆದು, ಪೈಪಿನ ತುದಿಯನ್ನು ಒತ್ತಿ ಹಿಡಿಯುತ್ತಾನೆ. ಬುಸ್ ಅಂತ ಗಾಳಿ ನುಗ್ಗುತ್ತದೆ. ಟಕ್ ಅಂತ ನಿಲ್ಲುತ್ತದೆ. ಒಂದೆರಡು ಕ್ಷಣ ಏನೂ ಇಲ್ಲ. ಮತ್ತೆ ಬುಸ್, ಮತ್ತೆ ಟಕ್. ಈ ಸಲ ಬುಸ್ ಸ್ವಲ್ಪ ಚಿಕ್ಕದು. ಕೊನೆಗೆ ಕೀಂ ಕೀಂ ಅಂತ ಮಷಿನ್ ಕೂಗುತ್ತದೆ. ಹುಡುಗ ಕ್ಯಾಪ್ ಹಾಕಿ ಮುಂದಿನ ಚಕ್ರಕ್ಕೆ ಹೋಗುತ್ತಾನೆ.

ಕಾರಿನ ಟೈರಿಗೆ 33 ಪಿಎಸ್‌ಐ ಬೇಕು ಅಂದುಕೊಳ್ಳಿ; ಪಿಎಸ್‌ಐ ಅನ್ನುವುದು ಒತ್ತಡದ ಅಳತೆ. ಒಂದೇ ಸಮನೆ ಗಾಳಿ ಬಿಟ್ಟು, 33 ಮುಟ್ಟಿದ ತಕ್ಷಣ ನಿಲ್ಲಿಸಿಬಿಟ್ಟರೆ ಆಗಲ್ವಾ? ನಿಂತು ನಿಂತು ಯಾಕೆ ತುಂಬಬೇಕು? ಕಂಪ್ರೆಸರಿಗೆ ಶಕ್ತಿ ಸಾಲದೆ ಹೀಗೆ ಮಾಡುತ್ತದೆ ಅಂತ ತುಂಬಾ ದಿನ ನಾನು ಅಂದುಕೊಂಡಿದ್ದೆ. ನಿಜವಾದ ಕಾರಣ ಬೇರೆ. ಗಾಳಿ ಹರಿಯುತ್ತಿರುವಾಗ ಟೈರಿನ ಒಳಗೆ ಎಷ್ಟು ಒತ್ತಡ ಇದೆ ಅಂತ ಆ ಮಷಿನ್‌ಗೆ ತಿಳಿಯುವುದೇ ಇಲ್ಲ. ತಿಳಿಯಬೇಕಾದರೆ ಅದು ಗಾಳಿ ನಿಲ್ಲಿಸಲೇಬೇಕು. ಮಷಿನ್ ಕೆಲಸ ಮಾಡುವ ಕ್ರಮವೆಲ್ಲ ಈ ಒಂದು ತೊಡಕಿನ ಸುತ್ತ ಕಟ್ಟಿದ್ದು.

ದಿನಸಿ ಅಂಗಡಿಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕವರ್ ಇಟ್ಟು ಅಕ್ಕಿ ಸುರಿಯುತ್ತಾರೆ. ಸುರಿಯುತ್ತಿರುವಷ್ಟು ಹೊತ್ತು ಅಂಕಿ ಕುಣಿಯುತ್ತಾ ಇರುತ್ತದೆ. ಬೀಳುವ ಅಕ್ಕಿಯ ಪೆಟ್ಟೂ ತೂಕದ ಜೊತೆ ಸೇರಿಕೊಳ್ಳುತ್ತದೆ. ಅದಕ್ಕೇ ಅವರು ಒಂದು ಕೆಜಿಗೆ ಸ್ವಲ್ಪ ಮುಂಚೆ ಕೈ ತಡೆದು, ಅಂಕಿ ನಿಲ್ಲಲಿ ಅಂತ ಕಾಯುತ್ತಾರೆ. ಆಮೇಲೆ ಒಂದು ಹಿಡಿ ಹಾಕುತ್ತಾರೆ, ಮತ್ತೆ ಕಾಯುತ್ತಾರೆ. ಕೊನೆಗೆ ಬೆರಳ ತುದಿಯಲ್ಲಿ ನಾಲ್ಕು ಕಾಳು. ಜಾಸ್ತಿ ಆದರೆ ಒಂದು ಚಿಟಿಕೆ ವಾಪಸ್. ಗಾಳಿ ಮಷಿನ್ ಮಾಡುವುದೂ ಥೇಟ್ ಇದನ್ನೇ.

ಮೊದಲು ಆ ಡಬ್ಬಿಯೊಳಗೆ ಏನಿದೆ ನೋಡೋಣ. ಹೊರಗಿಂದ ಕಾಣುವುದು ಒಂದು ಡಿಸ್‌ಪ್ಲೇ, ಅಂಕಿ ಏರಿಸಿ ಇಳಿಸುವ ಎರಡು ಬಟನ್, ಒಂದು ಉದ್ದನೆಯ ಪೈಪ್. ಗಾಳಿ ತಯಾರಾಗುವುದು ಇದರೊಳಗಲ್ಲ. ಬಂಕಿನ ಹಿಂದೆಲ್ಲೋ ಕಂಪ್ರೆಸರ್ ಇರುತ್ತದೆ. ಅದು ಗಾಳಿಯನ್ನು ಒತ್ತಿ ಒಂದು ಕಬ್ಬಿಣದ ಟ್ಯಾಂಕಿನಲ್ಲಿ ತುಂಬಿಟ್ಟಿರುತ್ತದೆ, ಸಾಮಾನ್ಯವಾಗಿ 8ರಿಂದ 10 ಬಾರ್ ಒತ್ತಡದಲ್ಲಿ. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಹಾಗಾಗಿ ಟ್ಯಾಂಕಿನಲ್ಲಿ ಇರುವುದು 115ರಿಂದ 145 ಪಿಎಸ್‌ಐ. ನಿಮ್ಮ ಕಾರಿಗೆ ಬೇಕಾದದ್ದು ಬರೀ 33. ಟ್ಯಾಂಕಿನ ಒತ್ತಡ ಇಳಿದರೆ ಕಂಪ್ರೆಸರ್ ತಾನಾಗಿ ಶುರುವಾಗುತ್ತದೆ, ತುಂಬಿದರೆ ನಿಲ್ಲುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕಿರುವ ಆಟೋಮ್ಯಾಟಿಕ್ ಸ್ವಿಚ್ಚಿನ ಹಾಗೆ.

ಡಬ್ಬಿಯೊಳಗೆ ಮುಖ್ಯವಾಗಿ ಎರಡು ವಾಲ್ವ್, ಒಂದು ಸೆನ್ಸರ್, ಒಂದು ಸಣ್ಣ ಚಿಪ್ ಇರುತ್ತವೆ. ಮೊದಲ ವಾಲ್ವ್ ಟ್ಯಾಂಕಿನಿಂದ ಗಾಳಿ ಒಳಗೆ ಬಿಡುವುದಕ್ಕೆ. ಎರಡನೆಯದು ಗಾಳಿಯನ್ನು ಹೊರಗೆ ಬಿಡುವುದಕ್ಕೆ. ಎರಡೂ ಸೊಲೆನಾಯ್ಡ್ ವಾಲ್ವುಗಳು. ತಾಮ್ರದ ತಂತಿಯ ಸುರುಳಿಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ, ನಡುವೆ ಇರುವ ಚಿಕ್ಕ ಕಬ್ಬಿಣದ ಕಡ್ಡಿಯನ್ನು ಎಳೆದುಕೊಳ್ಳುತ್ತದೆ. ಬಾಗಿಲು ತೆರೆಯುತ್ತದೆ. ಕರೆಂಟ್ ಕಡಿದರೆ ಸ್ಪ್ರಿಂಗ್ ಆ ಕಡ್ಡಿಯನ್ನು ವಾಪಸ್ ದಬ್ಬುತ್ತದೆ. ನಿಮಗೆ ಕೇಳಿಸುವ ಟಕ್ ಆ ಕಡ್ಡಿಯದು. ಇದಕ್ಕೆ ಅರ್ಧ ತೆರೆಯುವುದು, ಕಾಲು ತೆರೆಯುವುದು ಗೊತ್ತಿಲ್ಲ. ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು. ಹಾಗಾಗಿ ಎಷ್ಟು ಗಾಳಿ ಹೋಗಬೇಕು ಅನ್ನುವುದನ್ನು ಮಷಿನ್ ತೀರ್ಮಾನಿಸುವುದು ಸಮಯದಿಂದ. ಎಷ್ಟು ಹೊತ್ತು ಬಾಗಿಲು ತೆರೆದಿಡಬೇಕು ಅನ್ನುವುದೊಂದೇ ಅದರ ಕೈಯಲ್ಲಿರುವುದು.

ಟೈರಿಗೆ ಹೋಗುವ ಪೈಪ್ ಒಂದೇ. ಗಾಳಿ ತುಂಬುವುದೂ ಅದರಲ್ಲೇ, ತೆಗೆಯುವುದೂ ಅದರಲ್ಲೇ, ಅಳೆಯುವುದೂ ಅದರಲ್ಲೇ. ಅಳೆಯುವ ಸೆನ್ಸರ್ ಟೈರಿನಲ್ಲಿಲ್ಲ, ಡಬ್ಬಿಯಲ್ಲಿದೆ. ಟೈರ್ ಇರುವುದು ಹಲವು ಮೀಟರ್ ದೂರದಲ್ಲಿ, ಒಂದು ಸಣ್ಣ ವಾಲ್ವಿನ ಆಚೆ. ತೊಡಕು ಶುರುವಾಗುವುದು ಇಲ್ಲಿಂದ.

ತೋಟಕ್ಕೆ ನೀರು ಬಿಡುವ ಉದ್ದ ಪೈಪಿನಲ್ಲಿ ಇದನ್ನು ನೋಡಿರುತ್ತೀರಿ. ಮೋಟರ್ ಹತ್ತಿರ ಪೈಪ್ ಬಿರುಸಾಗಿ ಉಬ್ಬಿರುತ್ತದೆ. ಇನ್ನೊಂದು ತುದಿಯಲ್ಲಿ ನೀರು ಮೆತ್ತಗೆ ಬೀಳುತ್ತಿರುತ್ತದೆ. ಹರಿಯುವಾಗ ಪೈಪಿನ ಗೋಡೆಗೆ ಉಜ್ಜಿಕೊಂಡು ದಾರಿಯುದ್ದಕ್ಕೂ ಒತ್ತಡ ಕಳೆದುಹೋಗುತ್ತದೆ. ಗಾಳಿಗೂ ಹಾಗೆಯೇ. ಬಾಗಿಲು ತೆರೆದು ಗಾಳಿ ನುಗ್ಗುತ್ತಿರುವಾಗ ಡಬ್ಬಿಯ ಕಡೆ ಒತ್ತಡ ತುಂಬಾ ಜಾಸ್ತಿ, ಟೈರಿನ ಕಡೆ ಕಮ್ಮಿ. ಟೈರಿನಲ್ಲಿ 26 ಇರುವಾಗಲೇ ಸೆನ್ಸರಿಗೆ ಅದರ ಎರಡು ಪಟ್ಟು ಕಂಡರೂ ಆಶ್ಚರ್ಯವಿಲ್ಲ. ಆ ಅಂಕಿಯನ್ನು ನಂಬಿದರೆ ಮಷಿನ್ ಮೊದಲ ಬುಸ್‌ಗೇ ಕೀಂ ಅಂದುಬಿಡುತ್ತಿತ್ತು. ನಿಮ್ಮ ಟೈರ್ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು.

ಆದರೆ ಎರಡೂ ವಾಲ್ವ್ ಮುಚ್ಚಿದರೆ ಹರಿವು ನಿಲ್ಲುತ್ತದೆ. ಉಜ್ಜುವುದೂ ನಿಲ್ಲುತ್ತದೆ. ಪೈಪು, ಟೈರು ಎರಡೂ ಸೇರಿ ಒಂದೇ ಪಾತ್ರೆಯ ಹಾಗಾಗುತ್ತವೆ. ಅರೆ ಕ್ಷಣದಲ್ಲಿ ಒಳಗೆಲ್ಲ ಒಂದೇ ಒತ್ತಡ. ಈಗ ಸೆನ್ಸರಿಗೆ ಕಾಣುವ ಅಂಕಿ ಟೈರಿನ ನಿಜವಾದ ಅಂಕಿ. ಬುಸ್ ಮತ್ತು ಬುಸ್ ನಡುವೆ ನೀವು ಕಾಯುವ ಆ ಎರಡು ಕ್ಷಣದಲ್ಲಿ ನಡೆಯುವುದು ಇದು.

ಗಾಳಿ ತೆಗೆಯುವಾಗ ಇದೇ ತಪ್ಪು ತಿರುಗಿಬೀಳುತ್ತದೆ. ಹೊರಗೆ ಬಿಡುವ ವಾಲ್ವ್ ಡಬ್ಬಿಯಲ್ಲಿರುವುದರಿಂದ ಅಲ್ಲಿ ಒತ್ತಡ ಕಮ್ಮಿ, ಟೈರಿನಲ್ಲಿ ಜಾಸ್ತಿ. ತುಂಬುವಾಗ ಸೆನ್ಸರ್ ಜಾಸ್ತಿ ಹೇಳುತ್ತದೆ, ಬಿಡುವಾಗ ಕಮ್ಮಿ ಹೇಳುತ್ತದೆ. ಎರಡೂ ಸಲ ನಿಂತರೆ ಮಾತ್ರ ನಿಜ ಹೇಳುತ್ತದೆ.

ಈಗ ಒಂದು ಚಕ್ರಕ್ಕೆ ಗಾಳಿ ಹಾಕುವುದನ್ನು ಮೊದಲಿಂದ ನೋಡೋಣ. 33ಕ್ಕೆ ಇಟ್ಟಿದ್ದೀರಿ. ಮಷಿನ್ ಸುಮ್ನೆ ಕೂತಿದೆ. ಹುಡುಗ ಪೈಪಿನ ತುದಿಯನ್ನು ವಾಲ್ವಿಗೆ ಒತ್ತಿದ ಕೂಡಲೇ ತುದಿಯೊಳಗಿನ ಮೊಳೆ ಟೈರಿನ ವಾಲ್ವ್ ಪಿನ್ನನ್ನು ಕೆಳಕ್ಕೆ ದಬ್ಬುತ್ತದೆ. ಟೈರಿನ ಗಾಳಿ ಸ್ವಲ್ಪ ಪೈಪಿನೊಳಗೆ ಬರುತ್ತದೆ. ಇಷ್ಟು ಹೊತ್ತು ಸೊನ್ನೆ ನೋಡುತ್ತಿದ್ದ ಸೆನ್ಸರಿಗೆ ದಿಢೀರನೆ 26 ಕಾಣುತ್ತದೆ. ಯಾರೋ ಟೈರ್ ಜೋಡಿಸಿದ್ದಾರೆ ಅಂತ ಮಷಿನ್‌ಗೆ ಗೊತ್ತಾಗುವುದು ಹೀಗೆ. ಸ್ಟಾರ್ಟ್ ಬಟನ್ ಒತ್ತುವ ಕೆಲಸ ಇಲ್ಲದ್ದು ಈ ಕಾರಣಕ್ಕೆ. ಪೂರ್ತಿ ಕೂತುಹೋದ ಟೈರಿಗೆ ಪೈಪ್ ಹಾಕಿದರೆ ಎಷ್ಟೋ ಮಷಿನ್‌ಗಳು ಮಾತೇ ಆಡದಿರುವುದೂ ಇದಕ್ಕೇ. ಟೈರಿನಲ್ಲಿ ಗಾಳಿಯೇ ಇಲ್ಲದಿದ್ದರೆ ಸೆನ್ಸರಿಗೆ ಏರಿಕೆ ಕಾಣುವುದಿಲ್ಲ. ಅಂಥ ಟೈರಿಗಾಗಿ ಬೇರೆ ಬಟನ್ ಇರುತ್ತದೆ. ಅದನ್ನು ಒತ್ತಿ ಬಲವಂತವಾಗಿ ಶುರು ಮಾಡಿಸಬೇಕು.

ಆ ವಾಲ್ವ್ ಪಿನ್ನಿನ ಬಗ್ಗೆ ಒಂದು ಮಾತು. ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ 1890ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಸ್ಕೂಟರಿಗೂ ಕಾರಿಗೂ ಲಾರಿಗೂ ಇವತ್ತಿಗೂ ಅದೇ. ಒಳಗಿನ ಒತ್ತಡವೇ ಅದನ್ನು ಮುಚ್ಚಿ ಹಿಡಿಯುತ್ತದೆ. ಹೊರಗಿಂದ ಗಾಳಿ ದಬ್ಬಿದರೆ ಒಳಗೆ ಬಿಡುತ್ತದೆ, ಒಳಗಿನ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಮೊಳೆ ಪಿನ್ನನ್ನು ಸರಿಯಾಗಿ ಒತ್ತದಿದ್ದರೆ ಗಾಳಿ ಒಳಗೆ ಹೋದರೂ ಟೈರಿನ ಒತ್ತಡ ಪೈಪಿಗೆ ವಾಪಸ್ ಬರುವುದಿಲ್ಲ. ಮಷಿನ್ ಕುರುಡಾಗುತ್ತದೆ. ಪೈಪಿನ ತುದಿ ವಾರೆಯಾಗಿ ಕೂತು ಸುಸ್ ಅಂತ ಸೋರುತ್ತಿದ್ದರೂ ಅಷ್ಟೆ. ಹರಿವು ನಿಲ್ಲದೆ ಅಳತೆ ಸರಿ ಬರುವುದಿಲ್ಲ. ಆ ಸುಸ್ ಸದ್ದು ಕೇಳಿದರೆ ತೆಗೆದು ಮತ್ತೆ ನೆಟ್ಟಗೆ ಹಾಕಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ.

26 ಇದೆ ಅಂತ ಗೊತ್ತಾಯಿತು. 33 ಬೇಕು. ಎಷ್ಟು ಹೊತ್ತು ಗಾಳಿ ಬಿಡಬೇಕು? ಇದು ಮಷಿನ್‌ಗೆ ಗೊತ್ತಿಲ್ಲ, ಯಾಕೆಂದರೆ ಪೈಪಿನ ಆ ತುದಿಯಲ್ಲಿ ಇರುವುದು ಸ್ಕೂಟರೋ ಕಾರೋ ಅದಕ್ಕೆ ಕಾಣುವುದಿಲ್ಲ. ಸ್ಕೂಟರಿನ ಟೈರ್ ಕೆಲವೇ ಲೀಟರ್ ಗಾಳಿ ಹಿಡಿಯುತ್ತದೆ. ಕಾರಿನದು ಸುಮಾರು 30 ಲೀಟರ್. ಲಾರಿಯದು ನೂರಕ್ಕಿಂತ ಜಾಸ್ತಿ. ಹಾಗಾಗಿ ಅದು ಒಂದು ಪರೀಕ್ಷೆ ಮಾಡುತ್ತದೆ. ಎರಡು ಸೆಕೆಂಡ್ ಬಾಗಿಲು ತೆರೆದು, ಮುಚ್ಚಿ, ಅಳೆಯುತ್ತದೆ. 28 ಬಂತು ಅಂದುಕೊಳ್ಳಿ. ಎರಡು ಸೆಕೆಂಡಿಗೆ ಎರಡು ಪಿಎಸ್‌ಐ. ಇನ್ನೂ ಐದು ಬೇಕು, ಅಂದರೆ ಐದು ಸೆಕೆಂಡ್. ಸ್ವಲ್ಪ ಹಿಡಿತದಲ್ಲಿ ನಾಲ್ಕು ಸೆಕೆಂಡ್ ಬಿಟ್ಟು ಮತ್ತೆ ಅಳೆಯುತ್ತದೆ. 32. ಕೊನೆಗೆ ಒಂದೇ ಒಂದು ಚಿಕ್ಕ ಬುಸ್. ಅದೇ ಪೈಪನ್ನು ಸ್ಕೂಟರಿಗೆ ಹಾಕಿದ್ದರೆ ಮೊದಲ ಪರೀಕ್ಷೆಯಲ್ಲೇ ಅಂಕಿ ಜಿಗಿಯುತ್ತಿತ್ತು. ಆಗ ಮಷಿನ್ ಓಹೋ ಇದು ಚಿಕ್ಕ ಟೈರು ಅಂತ ಆಮೇಲಿನ ಬುಸ್‌ಗಳನ್ನು ಮೊಟಕು ಮಾಡುತ್ತದೆ. ಈ ಸೆಕೆಂಡುಗಳ ಲೆಕ್ಕ ತಯಾರಕರಿಂದ ತಯಾರಕರಿಗೆ ಬೇರೆ. ಆದರೆ ಸ್ವಲ್ಪ ಬಿಡು, ನಿಲ್ಲು, ನೋಡು, ಲೆಕ್ಕ ಹಾಕು ಅನ್ನುವ ದಾರಿ ಒಂದೇ.

ಇಷ್ಟು ಸುಲಭದ ಗುಣಾಕಾರ ನಡೆಯುವುದಕ್ಕೆ ಒಂದು ಚೆಂದದ ಕಾರಣ ಇದೆ. ಟ್ಯಾಂಕಿನ ಒತ್ತಡ ಟೈರಿನದಕ್ಕಿಂತ ಬಹಳ ಜಾಸ್ತಿ ಇದ್ದಾಗ ಸಣ್ಣ ಕಿಂಡಿಯಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟಿಬಿಡುತ್ತದೆ. ಅದಕ್ಕಿಂತ ಜೋರಾಗಿ ಆ ಕಿಂಡಿಯನ್ನು ದಾಟಲು ಆಗುವುದಿಲ್ಲ. ಆಗ ಮುಂದೆ ಟೈರಿನಲ್ಲಿ 26 ಇದ್ದರೂ 32 ಇದ್ದರೂ ಸೆಕೆಂಡಿಗೆ ಒಳಹೋಗುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಕಾರಿನ ಟೈರಿಗೆ ಲೆಕ್ಕ ಸರಾಗವಾಗಿ ಕೂರುವುದು ಇದರಿಂದ. ಲಾರಿಗೆ ಹಾಗಲ್ಲ. ಲಾರಿ ಟೈರಿನ ಒತ್ತಡ 100 ದಾಟುತ್ತದೆ. ಟ್ಯಾಂಕಿನ ಒತ್ತಡಕ್ಕೆ ಹತ್ತಿರ ಬಂದಷ್ಟೂ ಹರಿವು ಸಣ್ಣಗಾಗುತ್ತದೆ. ಕೊನೆಯ ಹತ್ತು ಪಿಎಸ್‌ಐ ಏರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಲಾರಿಯವರನ್ನು ಕೇಳಿ.

ಗುರಿ ದಾಟಿ 34 ಆಯಿತು ಅಂದುಕೊಳ್ಳಿ. ಎರಡನೆ ವಾಲ್ವ್ ತೆರೆದು ಫುಸ್ ಅಂತ ಸ್ವಲ್ಪ ಹೊರಗೆ ಬಿಡುತ್ತದೆ, ಮತ್ತೆ ಅಳೆಯುತ್ತದೆ. ಸರಿಯಾಗಿ 33.000 ಬರಲೇಬೇಕು ಅಂತ ಹಟ ಹಿಡಿದರೆ ಮಷಿನ್ ಹಾಕುತ್ತಾ ತೆಗೆಯುತ್ತಾ ಸಂಜೆವರೆಗೂ ಅಲ್ಲೇ ಇರುತ್ತದೆ. ಅದಕ್ಕೆ ಗುರಿಯ ಅಕ್ಕಪಕ್ಕ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಅರ್ಧವೋ ಒಂದೋ ಪಿಎಸ್‌ಐ ಆಚೀಚೆ ಇದ್ದರೆ ಸಾಕು, ಕೀಂ. ಕಾರಿಗೆ ಅಷ್ಟು ಸಾಲದು ಅಂತ ಯಾರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಪೈಪ್ ತೆಗೆಯುವಾಗ ಪುಸಕ್ ಅಂತ ಹೋಗುವ ಗಾಳಿಯೂ ಬಹುಪಾಲು ಪೈಪಿನಲ್ಲಿದ್ದದ್ದೇ.

ಅಂದಹಾಗೆ, 26ರಿಂದ 33ಕ್ಕೆ ಏರಿಸಲು ಎಷ್ಟು ಗಾಳಿ ಬೇಕು? 30 ಲೀಟರಿನ ಟೈರಿಗೆ ಹೊರಗಿನ ಗಾಳಿ ಸುಮಾರು 14 ಲೀಟರ್. ಒಂದು ಅಡುಗೆ ಗ್ಯಾಸ್ ಸಿಲಿಂಡರಿನ ಅರ್ಧದಷ್ಟೂ ಜಾಗ ಬೇಡದ ಗಾಳಿ. ಆದರೆ ಅದು ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ದೊಡ್ಡದು. ಪಿಎಸ್‌ಐ ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಅಂತ. ಒಂದು ಚಕ್ರದ ಮೇಲೆ 300 ಕೆಜಿ, ಅಂದರೆ ಸುಮಾರು 660 ಪೌಂಡ್ ಬಿದ್ದರೆ, 33ರಿಂದ ಭಾಗಿಸಿ: 20 ಚದರ ಇಂಚು. ನಿಮ್ಮ ಅಂಗೈಯನ್ನು ಬೆರಳು ಸೇರಿಸಿ ನೆಲಕ್ಕೆ ಊರಿದರೆ ಆಗುವಷ್ಟು ಜಾಗ. ಕಾರಿನ ಒಂದೊಂದು ಚಕ್ರ ರಸ್ತೆಯನ್ನು ಮುಟ್ಟುವುದು ಸುಮಾರಾಗಿ ಇಷ್ಟೇ. ಗಾಳಿ ಕಮ್ಮಿ ಆದರೆ ಟೈರ್ ಇನ್ನಷ್ಟು ಚಪ್ಪಟೆಯಾಗಿ ಕೂರುತ್ತದೆ, ಪಕ್ಕದ ಗೋಡೆ ಸುತ್ತಿಗೊಮ್ಮೆ ಮಡಚಿ ಬಿಚ್ಚಿ ಕಾಯುತ್ತದೆ. ಹೈವೇಯಲ್ಲಿ ಟೈರ್ ಸಿಡಿಯುವುದಕ್ಕೆ ಆ ಕಾವು ದೊಡ್ಡ ಕಾರಣ. ಗಾಳಿ ಜಾಸ್ತಿಯಾಗಿ ಸಿಡಿಯುತ್ತದೆ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದಕ್ಕೇ ಬೇಸಿಗೆಯಲ್ಲಿ ಬೇಕೆಂದೇ ಗಾಳಿ ಇಳಿಸುತ್ತಾರೆ. ಇದು ಅಪಾಯ. ದಯವಿಟ್ಟು ಮಾಡಬೇಡಿ.

ಇನ್ನು ಆ ಸೆನ್ಸರ್. ಹಳೆ ಕಾಲದ ಮುಳ್ಳಿನ ಮೀಟರುಗಳಲ್ಲಿ ಒಳಗೆ ಒಂದು ಬಾಗಿದ ಹಿತ್ತಾಳೆ ಕೊಳವೆ ಇರುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಸುರುಳಿ ಪೀಪಿ ಇದೆಯಲ್ಲ, ಊದಿದರೆ ಬಿಚ್ಚಿಕೊಳ್ಳುತ್ತದೆ. ಅದೇ ತರಹ ಒತ್ತಡ ಬಿದ್ದರೆ ಕೊಳವೆ ಚೂರು ನೆಟ್ಟಗಾಗಿ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯುಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಮಾಡಿಸಿದ್ದು. ಇಂದಿಗೂ ಕಂಪ್ರೆಸರ್ ಟ್ಯಾಂಕಿನ ಮೇಲೆ ಕೂತಿರುವುದು ಅದೇ.

ಡಿಜಿಟಲ್ ಮಷಿನ್‌ನಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕಾನ್ ತುಂಡು. ತಮಟೆಯ ಚರ್ಮದ ಹಾಗೆ ಅದರ ನಡುಭಾಗವನ್ನು ತುಂಬಾ ತೆಳುವಾಗಿ ಕೊರೆದಿರುತ್ತಾರೆ. ಒಂದು ಬದಿಗೆ ಪೈಪಿನ ಗಾಳಿ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಪೈಪಿನ ಕಡೆ ಒತ್ತಡ ಏರಿದರೆ ಆ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಸಿಲಿಕಾನಿನ ವಿದ್ಯುತ್ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬದಲಾಗುತ್ತದೆ. ಈ ಗುಣವನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದರು. ಪೊರೆಯ ಮೇಲೆ ಅಂಥ ನಾಲ್ಕು ರೋಧಕಗಳನ್ನು ಚೌಕಾಕಾರದಲ್ಲಿ ಜೋಡಿಸಿ ಕರೆಂಟ್ ಕೊಟ್ಟರೆ, ಬಾಗಿದಷ್ಟಕ್ಕೆ ಸರಿಯಾಗಿ ಕೆಲವು ಮಿಲಿವೋಲ್ಟ್ ಸಿಗುತ್ತದೆ. ಚಿಪ್ ಅದನ್ನು ಅಂಕಿ ಮಾಡುತ್ತದೆ.

ಇನ್ನೊಂದು ಬದಿಗೆ ಹೊರಗಿನ ಗಾಳಿ ಅಂದೆನಲ್ಲ, ಅದರಲ್ಲೊಂದು ಸ್ವಾರಸ್ಯ ಇದೆ. ಮಷಿನ್ ಹೇಳುವ 33 ಅಂದರೆ ಹೊರಗಿನ ಗಾಳಿಗಿಂತ 33 ಜಾಸ್ತಿ ಅಂತ. ಹೊರಗಿನ ಗಾಳಿಗೂ ತನ್ನದೇ ಒತ್ತಡ ಇದೆ. ಸಮುದ್ರ ಮಟ್ಟದಲ್ಲಿ ಸುಮಾರು 14.7 ಪಿಎಸ್‌ಐ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಅದು ಸುಮಾರು 13.2. ಹಾಗಾದರೆ ಬೆಂಗಳೂರಿನಲ್ಲಿ 33 ಹಾಕಿಸಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ? ಟೈರಿನ ಒಳಗಿನ ಗಾಳಿ ಅಷ್ಟೇ ಇದ್ದರೂ ಹೊರಗಿನ ಒತ್ತಡ ಒಂದೂವರೆ ಏರಿದೆ. ಗೇಜು 31.5 ತೋರಿಸಬೇಕು. ಆದರೆ ಬೆಂಗಳೂರಿನ ಬೆಳಗಿನ 20 ಡಿಗ್ರಿಯಿಂದ ಮಂಗಳೂರಿನ 30 ಡಿಗ್ರಿಗೆ ಬಂದಿದ್ದೀರಿ. ಆ ಹತ್ತು ಡಿಗ್ರಿ ಬಿಸಿಗೆ ಒಳಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಎರಡೂ ಕೂಡಿ ಕಳೆದು ಗೇಜು ಮತ್ತೆ 33! ಲೆಕ್ಕ ಹಾಕಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಬಿಸಿಯ ವಿಷಯ ಬಂತು. ಮಷಿನ್ ಎಷ್ಟೇ ಒಳ್ಳೆಯದಿದ್ದರೂ ಜನ ಎಡವುವುದು ಇಲ್ಲೇ. ಒಮ್ಮೆ ಏಪ್ರಿಲ್‌ನಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ, ಎರಡು ಗಂಟೆ ಓಡಿಸಿದ ಮೇಲೆ ಹೈವೇ ಬದಿಯ ಒಂದು ಬಂಕಿನಲ್ಲಿ ಗಾಳಿ ನೋಡಿಸಿದೆ. ಹುಡುಗ ಅಂಕಿ ನೋಡಿ, "ಸಾರ್, 36 ಐತೆ, 33ಕ್ಕೆ ಇಳಿಸ್ಲಾ?" ಅಂದ. ಹ್ಞೂಂ ಅಂದೆ. ಮಷಿನ್ ಫುಸ್ ಫುಸ್ ಅಂತ ನಾಲ್ಕೂ ಚಕ್ರಗಳಿಂದ ಗಾಳಿ ತೆಗೆದು ಕೀಂ ಅಂತು. ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ನನ್ನ ಕೈ ಗೇಜು ಹಾಕಿ ನೋಡಿದರೆ ನಾಲ್ಕೂ 30. ಮಷಿನ್ ಕೆಟ್ಟಿದೆ ಅಂತಲೇ ಮೊದಲು ಅನ್ನಿಸಿತು.

ಮಷಿನ್ ಕೆಟ್ಟಿರಲಿಲ್ಲ. ಮುಚ್ಚಿದ ಪಾತ್ರೆಯ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ. ಬೆಳಿಗ್ಗೆ 27 ಡಿಗ್ರಿಯಲ್ಲಿ 33 ಇದ್ದ ಟೈರ್ ಓಡಿ 47 ಡಿಗ್ರಿಗೆ ಕಾದರೆ 36 ತೋರಿಸುತ್ತದೆ. ಅದು ಆಗಬೇಕಾದದ್ದೇ. ಕಾರಿನ ಕಂಪನಿ 33 ಅಂತ ಬರೆಯುವಾಗ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದಿರುತ್ತದೆ. ಅವರು ಹೇಳುವುದು ತಣ್ಣಗಿರುವ ಟೈರಿನ ಅಂಕಿ. ಬಿಸಿ ಟೈರಿನಿಂದ ಮೂರು ಪಿಎಸ್‌ಐ ತೆಗೆದರೆ, ತಣ್ಣಗಾದ ಮೇಲೆ ಆ ಮೂರು ಕಮ್ಮಿಯೇ ಇರುತ್ತದೆ. ಮಷಿನ್ ಅಳೆಯುವುದು ಒತ್ತಡವನ್ನು ಮಾತ್ರ. ಟೈರ್ ಬಿಸಿಯೋ ತಣ್ಣಗೋ ಅಂತ ಅದು ಕೇಳುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮನೆ ಹತ್ತಿರದ ಬಂಕಿಗೆ ಒಂದೆರಡು ಕಿಲೋಮೀಟರ್ ಓಡಿಸಿ ಹೋಗಿ ಹಾಕಿಸುವುದು ಒಳ್ಳೆಯದು. ದೂರದ ದಾರಿಯಲ್ಲಿ ನೋಡಿಸಿದರೆ ಜಾಸ್ತಿ ಇದೆ ಅಂತ ತೆಗೆಸಬೇಡಿ. ಕಮ್ಮಿ ಇದ್ದರೆ ಮಾತ್ರ ಹಾಕಿಸಿ.

33 ಅನ್ನುವುದೂ ಎಲ್ಲ ಕಾರಿಗೆ ಅಲ್ಲ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಮುಂದಿಗೆಷ್ಟು, ಹಿಂದಿಗೆಷ್ಟು, ಜನ ತುಂಬಿದ್ದರೆ ಎಷ್ಟು, ಎಲ್ಲ ಬರೆದಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರಿನ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಹಾಕಬೇಕಾದದ್ದಲ್ಲ. ಮಷಿನ್ ಹಿಂದಿನ ಗಾಡಿಯ ಅಂಕಿಯಲ್ಲೇ ನಿಂತಿರುತ್ತದೆ ಅನ್ನುವುದನ್ನೂ ಗಮನಿಸಿ. ನಿಮ್ಮ ಮುಂದೆ ಟೆಂಪೋ ಒಂದು ಹೋಗಿದ್ದರೆ ಡಿಸ್‌ಪ್ಲೇ ಕಡೆ ಒಮ್ಮೆ ಕಣ್ಣು ಹಾಯಿಸಿ.

ಹಾಗಾದರೆ ಮಷಿನ್ ಯಾವತ್ತೂ ತಪ್ಪು ಹೇಳುವುದಿಲ್ಲವೇ? ಹೇಳುತ್ತದೆ. ಸಿಲಿಕಾನ್ ಪೊರೆಯ ನಡತೆ ಕಾಲ ಕಳೆದ ಹಾಗೆ ಸ್ವಲ್ಪ ಜಾರುತ್ತದೆ. ಪೈಪ್ ಯಾವುದಕ್ಕೂ ಹಾಕದೆ ಬಿಟ್ಟಿರುವಾಗ ಅದು ಸೊನ್ನೆ ತೋರಿಸಬೇಕು. ಆ ಸೊನ್ನೆಯನ್ನು ಎಷ್ಟೋ ಮಷಿನ್‌ಗಳು ತಾವೇ ಸರಿಮಾಡಿಕೊಳ್ಳುತ್ತವೆ. ಆದರೆ ಖಾಲಿ ತಕ್ಕಡಿ ಸೊನ್ನೆ ತೋರಿಸಿದ ಮಾತ್ರಕ್ಕೆ ಒಂದು ಕೆಜಿಯನ್ನು ಒಂದು ಕೆಜಿ ಅಂತಲೇ ಹೇಳುತ್ತದೆ ಅಂತಿಲ್ಲವಲ್ಲ. ಅದಕ್ಕೆ ನಂಬಿಕಸ್ತ ಗೇಜಿನ ಜೊತೆ ಹೋಲಿಸಿ ಆಗಾಗ ಸರಿಮಾಡಬೇಕು. ಇಲ್ಲಿ ಅಸಡ್ಡೆ ಮಾಡಿದರೆ ಗಾಡಿಗಳೆಲ್ಲ ಒಂದೇ ತರಹ ತಪ್ಪು ಗಾಳಿಯಲ್ಲಿ ಓಡುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಇದು ನನಗೆ ಬೇಜಾರು ತರುವ ಸಂಗತಿ. ಒಂದು ಕೈ ಗೇಜು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡರೆ ಯಾವ ಬಂಕಿನ ಮಷಿನ್ ಎಷ್ಟು ಆಚೀಚೆ ಇದೆ ಅಂತ ನಿಮಗೇ ತಿಳಿಯುತ್ತದೆ.

ಇನ್ನೊಂದು ಶತ್ರು ನೀರು. ಗಾಳಿಯನ್ನು ಒತ್ತಿ ತಣ್ಣಗಾಗಿಸಿದರೆ ಅದರಲ್ಲಿದ್ದ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಕರಾವಳಿಯ ಬಂಕುಗಳಲ್ಲಿ ಕೇಳುವುದೇ ಬೇಡ. ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ಆ ನೀರನ್ನು ತೆಗೆಯುತ್ತಿರಬೇಕು. ಇಲ್ಲದಿದ್ದರೆ ನೀರು, ತುಕ್ಕಿನ ಪುಡಿ ಎಲ್ಲ ಪೈಪಿಗಿಳಿದು ಸೊಲೆನಾಯ್ಡಿನ ಬಾಗಿಲಲ್ಲಿ ಕೂರುತ್ತದೆ. ಬಾಗಿಲು ಪೂರ್ತಿ ಮುಚ್ಚದೆ ಸಣ್ಣಗೆ ಸೋರಿದರೆ, ಅಳೆಯುವ ಹೊತ್ತಿನಲ್ಲೂ ಹರಿವು ನಿಂತಿರುವುದಿಲ್ಲ. ಆಮೇಲೆ ಅಳತೆಗೆ ಏನು ಬೆಲೆ?

ಮನೆಗೆ ಕೊಳ್ಳುವ ಚಿಕ್ಕ ಇನ್‌ಫ್ಲೇಟರ್‌ಗಳಲ್ಲಿ ಟ್ಯಾಂಕ್ ಇಲ್ಲ. ಕಾರಿನ 12 ವೋಲ್ಟ್ ಸಾಕೆಟ್‌ನಿಂದಲೋ ಬ್ಯಾಟರಿಯಿಂದಲೋ ಓಡುವ ಪುಟ್ಟ ಪಂಪು ನೇರವಾಗಿ ಟೈರಿಗೆ ಊದುತ್ತದೆ. ಹರಿವು ತೀರಾ ಸಣ್ಣದು. ಹಾಗಾಗಿ ಪೈಪಿನಲ್ಲಿ ಕಳೆದುಹೋಗುವ ಒತ್ತಡವೂ ಸಣ್ಣದು. ಓಡುತ್ತಲೇ ಅಳೆದರೂ ತಪ್ಪು ಅಷ್ಟೇನೂ ದೊಡ್ಡದಲ್ಲ. ಗುರಿ ಮುಟ್ಟಿದಾಗ ಮೋಟರ್ ಕರೆಂಟ್ ಕಡಿದರೆ ಆಯಿತು. ಆದರೂ ನಿಂತ ಮೇಲೆ ಅಂಕಿ ಒಂದು ಪಿಎಸ್‌ಐ ಕೆಳಗಿಳಿಯುವುದನ್ನು ಗಮನಿಸಿ ನೋಡಿ. ಅದೇ ಕಥೆ. ಇವುಗಳಲ್ಲಿ ಹೆಚ್ಚಿನವಕ್ಕೆ ಗಾಳಿ ತೆಗೆಯುವ ವಾಲ್ವ್ ಇರುವುದಿಲ್ಲ. ಜಾಸ್ತಿ ಆದರೆ ನೀವೇ ಪಿನ್ ಒತ್ತಿ ಬಿಡಬೇಕು.

ಓಡುತ್ತಿರುವಾಗಲೇ ಗಾಳಿ ಸರಿಮಾಡುವ ವ್ಯವಸ್ಥೆಯೂ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತಯಾರಿಸಿದ ಡಕ್ ಅನ್ನುವ ನೆಲ ನೀರು ಎರಡರಲ್ಲೂ ಓಡುವ ಟ್ರಕ್ಕಿನಲ್ಲಿ ಡ್ರೈವರ್ ಸೀಟಿನಿಂದಲೇ ಟೈರಿನ ಗಾಳಿ ಇಳಿಸಿ ಏರಿಸಬಹುದಿತ್ತು. ಮರಳಿನ ದಡ ಹತ್ತುವಾಗ ಗಾಳಿ ಇಳಿಸಿ ಟೈರನ್ನು ಅಗಲ ಮಾಡಿಕೊಂಡು, ಗಟ್ಟಿ ರಸ್ತೆಗೆ ಬಂದ ಮೇಲೆ ಮತ್ತೆ ತುಂಬುತ್ತಿದ್ದರು. ಈಗ ಹೊರದೇಶಗಳ ದೊಡ್ಡ ಟ್ರೇಲರ್‌ಗಳಲ್ಲಿ ಬ್ರೇಕಿನ ಗಾಳಿ ಟ್ಯಾಂಕಿನಿಂದಲೇ ಆಕ್ಸಲ್ ಮೂಲಕ ಟೈರಿಗೆ ಗಾಳಿ ಹೋಗುತ್ತದೆ. ಅಲ್ಲೊಂದು ಕಾವಲಿನ ವಾಲ್ವ್ ಇರುತ್ತದೆ. ಬ್ರೇಕಿಗೆ ಸಾಕಷ್ಟು ಒತ್ತಡ ಉಳಿದಿದ್ದರೆ ಮಾತ್ರ ಅದು ಟೈರಿಗೆ ಬಿಡುತ್ತದೆ. ನಮ್ಮ ಲಾರಿಗಳಲ್ಲಿ ಇನ್ನೂ ಕ್ಲೀನರ್ ಕಬ್ಬಿಣದ ರಾಡಿನಿಂದ ಟೈರ್ ಬಡಿದು ಸದ್ದು ಕೇಳುತ್ತಾನೆ. ಜೋಡಿ ಚಕ್ರದಲ್ಲಿ ಒಳಗಿನದು ಕೂತಿದ್ದರೆ ಆ ಸದ್ದು ಡೊಬ್ ಅಂತ ಸತ್ತಂತೆ ಬರುತ್ತದೆ. 100ರ ಬದಲು 85 ಇದ್ದರೆ ಮಾತ್ರ ಕಿವಿಗೆ ಗೊತ್ತಾಗುವುದು ಕಷ್ಟ.

ಕಳೆದ ವಾರ ಮನೆ ಹತ್ತಿರದ ಬಂಕಿನಲ್ಲಿ ನಾಲ್ಕೂ ಚಕ್ರ ಮುಗಿಸಿ ಹುಡುಗ ಪೈಪ್ ಸುತ್ತಲು ಹೊರಟಿದ್ದ. "ತಮ್ಮಾ, ಸ್ಟೆಪ್ನಿಗೂ ಹಾಕಿಬಿಡಪ್ಪ" ಅಂದೆ. ಡಿಕ್ಕಿಯಲ್ಲಿದ್ದ ಛತ್ರಿ, ನೀರಿನ ಕ್ಯಾನು, ಹಳೆ ಬಟ್ಟೆಯ ಗಂಟು ಎಲ್ಲ ತೆಗೆದು ಕೆಳಗಿಟ್ಟು, ಮ್ಯಾಟ್ ಎತ್ತಿ, ಧೂಳು ಹಿಡಿದ ಕ್ಯಾಪ್ ಬಿಚ್ಚಿದೆವು. ಒಂದು ವರ್ಷದಿಂದ ಯಾರೂ ಮುಟ್ಟದ ಟೈರು. ರಬ್ಬರಿನೊಳಗಿಂದಲೇ ತಿಂಗಳಿಗೆ ಒಂದೋ ಎರಡೋ ಪಿಎಸ್‌ಐ ಸುಮ್ಮನೆ ಸೋರಿಹೋಗುತ್ತಿರುತ್ತದೆ. ಪೈಪ್ ಒತ್ತಿದ. ಡಿಸ್‌ಪ್ಲೇ ಮೇಲೆ 19 ಬಂತು. ಮಷಿನ್ ಒಂದು ಚಿಕ್ಕ ಬುಸ್ ಬಿಟ್ಟು, ಟಕ್ ಅಂತ ನಿಂತು, ಎರಡು ಕ್ಷಣ ನೋಡಿತು. ಆಮೇಲೆ ಉದ್ದಕ್ಕೆ ಗಾಳಿ ಬಿಡಲು ಶುರು ಮಾಡಿತು.